ದೀಪ ಹಿಡಿದವಳು ಮತ್ತು ನಮ್ಮಜ್ಜಿಯ ಫೋಟೋ

ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು ಆ ಚಿತ್ರ ನೋಡದೇ ಬರೋದಿಲ್ಲ. ಕತ್ತಲು ಮಾಡಿದ ಕೋಣೆ, ಸೀರೆಯುಟ್ಟ ಹೆಣ್ಣುಮಗಳು, ಕೈಯಲ್ಲಿ ದೀಪ. ಮೊನ್ನೆ ನಾನು ಅದರ ಮುಂದೆ ನಿಂತಿದ್ದಾಗ ಪಕ್ಕದವರೊಬ್ಬರು ಮಗನಿಗೆ, "ನೋಡೋ, ರವಿವರ್ಮನ ಚಿತ್ರ" ಅಂತಿದ್ರು. ತುಂಬಾ ಜನ ಹಾಗೇ ತಿಳ್ಕೊಂಡಿದ್ದಾರೆ. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ. ಇದನ್ನು ಬರೆದದ್ದು ಎಸ್.ಎಲ್. ಹಲ್ದಂಕರ್, 1940ರ ದಶಕದ ನಡುವಿನಲ್ಲಿ. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಅಂದರೆ ಇದು ದೇವತೆಯ ಚಿತ್ರ ಅಲ್ಲ, ಅಪ್ಪ ಬರೆದ ಮಗಳ ಚಿತ್ರ.

ನಿಜ ಹೇಳ್ತೀನಿ, ಈ ಚಿತ್ರ ನನಗೆ ಬಹಳ ವರ್ಷ ಇಷ್ಟವಾಗಿರಲಿಲ್ಲ. ಕ್ಯಾಲೆಂಡರಿನಲ್ಲಿ, ಸಲೂನಿನ ಗೋಡೆ ಮೇಲೆ ನೋಡಿ ನೋಡಿ ಸಾಕಾಗಿತ್ತು. ಇನ್ನೊಂದು ಕಾರಣವೂ ಇತ್ತು. ದೀಪ ಚೆಂದ ಅನ್ನೋರು ದೀಪದಲ್ಲಿ ಓದಿದವರಲ್ಲ. ಕೆಫೆಗಳಲ್ಲಿ ಲಾಟೀನಿನೊಳಗೆ ಬಲ್ಬು ಹಾಕಿ ನೇತುಹಾಕಿರ್ತಾರಲ್ಲ, ಅದರ ಗಾಜನ್ನು ದಿನಾ ಸಂಜೆ ಬೂದಿ ಹಾಕಿ ಒರೆಸೋ ಕೆಲಸ ನಮ್ಮನೇಲಿ ನಂದಾಗಿತ್ತು. ಬೆಳಗಾದ್ರೆ ಮೂಗಿನ ತುಂಬ ಮಸಿ. ಸೀಮೆಎಣ್ಣೆ ಮುಗೀತು ಅಂತ ಅಜ್ಜಿ ಬೈಗುಳ ಬೇರೆ.

ಚಿತ್ರದ ಮೇಲಿನ ಈ ತಕರಾರು ಪೂರ್ತಿ ಸುಳ್ಳೂ ಅಲ್ಲ. ಮುಂಬಯಿಗೂ ನಮ್ಮ ಬೆಂಗಳೂರಿಗೂ ಕರೆಂಟು ಬಂದಿದ್ದು 1905ರಲ್ಲೇ. ಹಲ್ದಂಕರ್ ಇದ್ದದ್ದು ಮುಂಬಯಿಯಲ್ಲಿ. ಅವರು ಕುಂಚ ಹಿಡಿಯೋ ಹೊತ್ತಿಗೆ ಆ ಊರಿನಲ್ಲಿ ದೀಪ ಆಗಲೇ ಹಳೇಕಾಲದ ವಸ್ತು, ಹಬ್ಬದ ವಸ್ತು. ಆಕೆಯ ಮುಖದಲ್ಲಿ ಎಣ್ಣೆ ಮುಗಿಯೋ ಚಿಂತೆ ಇಲ್ಲ. ಅಷ್ಟರಮಟ್ಟಿಗೆ ಚಿತ್ರ ಸ್ವಲ್ಪ ಸಿಹಿ ಜಾಸ್ತಿಯೇ.

ನನ್ನ ಮನಸ್ಸು ಬದಲಾಗಿದ್ದು ಅಜ್ಜಿ ಹೋದ ಮೇಲೆ. ಗೋಡೆಗೆ ಹಾಕೋಕೆ ಅವಳದೊಂದು ಒಳ್ಳೇ ಫೋಟೋ ಇರಲಿಲ್ಲ. "ನೀನು ಕಂಪ್ಯೂಟರಿನೋನು ತಾನೇ, ಏನಾದ್ರೂ ಮಾಡು" ಅಂದ್ರು. ಮದುವೆಯ ಗ್ರೂಪ್ ಫೋಟೋದಿಂದ ಮುಖ ಕತ್ತರಿಸಿ ಒಂದು ಆ್ಯಪ್‌ಗೆ ಹಾಕಿದೆ. ಅರ್ಧ ನಿಮಿಷದಲ್ಲಿ ಆಯಿಲ್ ಪೇಂಟಿಂಗ್ ರೆಡಿ. ಸುಕ್ಕು ಮಾಯ, ಕೆನ್ನೆ ಫಳಫಳ. ಫ್ರೇಮ್ ಹಾಕಿಸಿ ಊರಿಗೆ ತಗೊಂಡು ಹೋದೆ. ಅಮ್ಮ ನೋಡಿ, "ಯಾರೋ ಇದು?" ಅಂದ್ಲು.

ಮೊನ್ನೆ ಮೈಸೂರಿನಲ್ಲಿ ಗೊತ್ತಾಯ್ತು ಯಾಕೆ ಅಂತ. ಆ್ಯಪ್ ಬರೆದ ಮುಖಕ್ಕೆ ಬೆಳಕು ಎಲ್ಲಿಂದ ಬಂತು ಅಂತ ಕೇಳಿದ್ರೆ ಉತ್ತರ ಇಲ್ಲ. ಎಲ್ಲಾ ಕಡೆ ಹೊಳಪು. ಹಲ್ದಂಕರ್ ಚಿತ್ರದಲ್ಲಿ ಪ್ರತಿ ಬೆಳಕಿಗೂ ಲೆಕ್ಕ ಇದೆ. ಕೆನ್ನೆಯ ಹೊಳಪು, ಸೀರೆಯ ನೆರಿಗೆ, ಹಿಂದಿನ ಗೋಡೆಯ ನೆರಳು, ಯಾವುದನ್ನು ಹಿಡಿದು ಹಿಂದಕ್ಕೆ ಹೋದ್ರೂ ಆ ಒಂದು ಬತ್ತಿಗೇ ಬಂದು ನಿಲ್ತೀವಿ. ಅದೂ ಜಲವರ್ಣ. ತೈಲವರ್ಣದ ಹಾಗೆ ತಪ್ಪಾದ್ರೆ ಮೇಲೆ ಇನ್ನೊಂದು ಪದರ ಬಳಿದು ಮುಚ್ಚೋದು ಸುಲಭವಲ್ಲ. ಬೆಳಕು ಬೇಕಾದ ಕಡೆ ಬಣ್ಣವನ್ನು ತೆಳುವಾಗಿಟ್ಟು ಕಾಗದವನ್ನೇ ಉಳಿಸ್ಕೋಬೇಕು. ಎಲ್ಲಿ ಕೈ ತಡೀಬೇಕು ಅಂತ ಮೊದಲೇ ಗೊತ್ತಿರಬೇಕು.

ಎಲ್ಲಕ್ಕಿಂತ ಆ ಕೈ. ಜ್ವಾಲೆಗೆ ಅಡ್ಡ ಹಿಡಿದ ಬೆರಳುಗಳ ಅಂಚಿನಲ್ಲಿ ರಕ್ತ ಕಾಣೋ ಹಾಗೆ ಕೆಂಪು. ಗಾಳಿಗೆ ದೀಪ ಆರದಂತೆ ಕೈ ಹಿಡಿದವರನ್ನು ಹತ್ತಿರದಿಂದ ನೋಡದೆ ಇದನ್ನು ಬರೆಯೋಕಾಗಲ್ಲ. ನಮ್ಮಜ್ಜಿ ಅಡುಗೆಮನೆಯಿಂದ ಕೊಟ್ಟಿಗೆಗೆ ಬುಡ್ಡಿದೀಪ ತಗೊಂಡು ಹೋಗುವಾಗ ಹೀಗೇ ಹಿಡೀತಿದ್ಲು, ಹೀಗೇ ಅವಳ ಬೆರಳು ಕೆಂಪಾಗಿ ಕಾಣ್ತಿತ್ತು. ನನಗದು ಮರೆತೇ ಹೋಗಿತ್ತು.

ಊರಿನ ಗೋಡೆಯಿಂದ ಆ ಆಯಿಲ್ ಪೇಂಟಿಂಗ್ ಇಳಿಸಿದ್ದೀನಿ. ಈಗ ಅಲ್ಲಿರೋದು ಗ್ರೂಪ್ ಫೋಟೋದ ಆ ತುಂಡೇ, ಹಾಗೇ ದೊಡ್ಡದು ಮಾಡಿಸಿದ್ದು. ಮಸುಕಾಗಿದೆ, ಬಿಸಿಲಿಗೆ ಅಜ್ಜಿ ಒಂದು ಕಣ್ಣು ಚಿಕ್ಕದು ಮಾಡಿದಾಳೆ. ಅಮ್ಮ ದಿನಾ ಅದಕ್ಕೆ ಹೂವು ಇಡ್ತಾಳೆ.