ಅನಾಥೆಗೆ ಸೂರ್ಯನೇ ತಾಯಿ: ಲಾತ್ವಿಯಾದ ದೈನಾ ಪದಗಳ ಒಂದು ವಿಮರ್ಶೆ



ಯುರೋಪ್ ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಣಮುಂದೆ ಬರುವುದು ಯಂತ್ರಾಲಯ, ಇಗರ್ಜಿ, ವಿಶ್ವವಿದ್ಯಾಲಯಗಳು. ಆ ಖಂಡದ ಒಕ್ಕಲು ಮಕ್ಕಳೂ ಸೂರ್ಯ, ಗುಡುಗು, ಮರ, ಹೊಲಗಳೊಡನೆ ಮಾತನಾಡುತ್ತ ಬಾಳಿದವರೆಂಬುದು ಸುಲಭವಾಗಿ ಹೊಳೆಯುವುದಿಲ್ಲ. ಅವರ ಹಳೆಯ ನಂಬುಗೆಗಳಿಗೆಲ್ಲ ಒಟ್ಟಾಗಿ ‘ಪೇಗನ್’ ಎಂದು ಹೆಸರಿಟ್ಟವರು ಕ್ರೈಸ್ತ ಬರಹಗಾರರು. ಅದರ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಹಳ್ಳಿಗನೆಂದು ಅರ್ಥ. ಅನ್ಯರಿಟ್ಟ ಹೆಸರಿನಿಂದಲೇ ಗುರುತಿಸಲ್ಪಟ್ಟ ಈ ಜನ ತಮ್ಮ ಬಾಯಿಂದ ತಾವೇ ಏನು ಹೇಳಿಕೊಂಡರು? ಇದನ್ನು ಅರಿಯಬಯಸುವವರು ಬಾಲ್ಟಿಕ್ ಸಮುದ್ರತೀರದ ಲಾತ್ವಿಯಾ ದೇಶದ ‘ದೈನಾ’ ಪದಗಳನ್ನು ಅವಶ್ಯವಾಗಿ ನೋಡಬೇಕು.

೧೨೦೧ರಲ್ಲಿ ಬಿಷಪ್ ಆಲ್ಬರ್ಟನು ರೀಗಾ ನಗರವನ್ನು ಸ್ಥಾಪಿಸಿದ ಕಾಲದಲ್ಲಿ ಆ ನಾಡಿಗೆ ಶಿಲುಬೆಯೂ ಖಡ್ಗವೂ ಜೊತೆಯಾಗಿಯೇ ಬಂದವು. ಭೂಮಿ ಜರ್ಮನ್ ಒಡೆಯರ ಪಾಲಾಯಿತು. ಉಳುವವನು ಕಾಲಕ್ರಮದಲ್ಲಿ ಜೀತಕ್ಕಿಳಿದನು. ಕುರ್ಲಾಂಡ್ ಪ್ರಾಂತದಲ್ಲಿ ೧೮೧೭ರವರೆಗೆ, ಲಿವ್ಲಾಂಡಿನಲ್ಲಿ ೧೮೧೯ರವರೆಗೆ ಈ ಜೀತ ನಡೆಯಿತು. ಒಡೆಯನ ಹೊಲದಲ್ಲಿ ದುಡಿದು ಬಂದವರಿಗೆ ತಮ್ಮದೆಂದು ಉಳಿದದ್ದು ನುಡಿ ಮತ್ತು ಹಾಡು.

ಈ ಹಾಡುಗಳನ್ನು ಒಟ್ಟುಗೂಡಿಸುವ ಕಾರ್ಯವನ್ನು ಫ್ರಿಟ್ಸಿಸ್ ಬ್ರೀವ್‌ಜೆಮ್ನಿಯೆಕ್ಸ್ ಎಂಬ ವಿದ್ವಾಂಸರಿಂದ ವಹಿಸಿಕೊಂಡು ಪೂರ್ಣಗೊಳಿಸಿದವರು ಕ್ರಿಶ್ಯಾನಿಸ್ ಬಾರೊನ್ಸ್ (೧೮೩೫–೧೯೨೩). ಇವರು ಕಲಿತದ್ದು ಗಣಿತ ಮತ್ತು ಖಗೋಳವಿದ್ಯೆ. ಹಳ್ಳಿಹಳ್ಳಿಗಳಿಂದ ಬಂದ ಪದಗಳನ್ನು ಸಣ್ಣ ಚೀಟಿಗಳಲ್ಲಿ ಬರೆದು, ೧೮೮೦ರಲ್ಲಿ ಮಾಸ್ಕೋದಲ್ಲಿ ಮಾಡಿಸಿದ ೭೦ ಸೆಳೆಖಾನೆಗಳ ಕಪಾಟಿನಲ್ಲಿ ಜೋಡಿಸಿದರು. ೧೮೯೪ರಿಂದ ೧೯೧೫ರವರೆಗೆ ಪ್ರಕಟವಾದ ‘ಲಾತ್ವ್ಯು ದೈನಾಸ್’ ಎಂಬ ಆರು ಸಂಪುಟಗಳಲ್ಲಿ ೨,೧೭,೯೯೬ ಪದಗಳಿವೆ. ಆ ಕಪಾಟು ೨೦೦೧ರಲ್ಲಿ ಯುನೆಸ್ಕೋದ ‘ವಿಶ್ವಸ್ಮೃತಿ’ ಪಟ್ಟಿಗೆ ಸೇರಿತು.

ಸಂಖ್ಯೆಗಿಂತಲೂ ಮಿಗಿಲಾಗಿ ಗಮನಿಸತಕ್ಕದ್ದು ಗ್ರಂಥದ ಕ್ರಮ. ಬಾರೊನ್ಸ್ ದೇವತೆಗಳ ಅಧ್ಯಾಯವನ್ನು ಮೊದಲಿಗಿಡಲಿಲ್ಲ. ಹಾಡನ್ನೇ ಕುರಿತ ಹಾಡುಗಳಿಂದ ತೊಡಗಿ ಜನನ, ಬಾಲ್ಯ, ವಿವಾಹ, ವಾರ್ಧಕ್ಯ, ಮರಣಗಳ ಜಾಡಿನಲ್ಲಿ ಅವರು ಪದಗಳನ್ನಿಟ್ಟರು. ದುಡಿಮೆಗೂ ಹಬ್ಬಕ್ಕೂ ಅಲ್ಲಿ ಸ್ಥಾನವಿದೆ. ಒಂದೊಂದು ಪದದ ಕೆಳಗೆ ಅದರ ಪಾಠಾಂತರಗಳನ್ನು ಕೊಟ್ಟಿರುವುದರಿಂದ, ಇವುಗಳಿಗೆ ಒಬ್ಬನೇ ಕರ್ತೃವಿಲ್ಲವೆಂಬುದು ಓದುಗನಿಗೆ ತಾನಾಗಿ ಮನವರಿಕೆಯಾಗುತ್ತದೆ.

ದೈನಾ ಬಹುಮಟ್ಟಿಗೆ ನಾಲ್ಕೇ ಸಾಲಿನ ಪದ. ಬೀಸುಕಲ್ಲಿನ ಮುಂದೆ, ದನಗಳ ಹಿಂದೆ, ಮದುವೆಯ ಚಪ್ಪರದಲ್ಲಿ ಹುಟ್ಟಿದ್ದು. ಇದರಲ್ಲಿ ಸಾವುಲೆ ಎಂಬ ಸೂರ್ಯ ಹೆಣ್ಣು, ಚಂದ್ರ ಗಂಡು. ಓಕ್ ಮರ ಪುರುಷನಿಗೆ, ಲಿಂಡನ್ ಮರ ಸ್ತ್ರೀಗೆ ಪ್ರತಿರೂಪ. ಕಾಡಿಗೂ ಗಾಳಿಗೂ ಸಮುದ್ರಕ್ಕೂ ಒಬ್ಬೊಬ್ಬ ತಾಯಿಯಿದ್ದಾಳೆ. ದಿಯೆವ್ಸ್ ಎಂಬ ದೇವರು ಸಿಂಹಾಸನದಲ್ಲಿ ಕುಳಿತವನಲ್ಲ; ಅರಳಿದ ಹೂವಿಗೆ ನೋವಾಗದಂತೆ ಬೆಟ್ಟದಿಂದ ಮೆಲ್ಲಗೆ ಇಳಿದುಬರುವ ಹಿರಿಯ ಒಕ್ಕಲಿಗನಂತೆ ಕಾಣುತ್ತಾನೆ. ಒಂದೇ ದಂಟಿನಲ್ಲಿ ಎರಡು ತೆನೆ ಮೂಡಿದರೆ ಅದು ಯೂಮಿಸ್, ಬೆಳೆಯ ಭಾಗ್ಯ.

ಆದರೆ ಎಲ್ಲಕ್ಕಿಂತ ಮನಸ್ಸನ್ನು ಕಲಕುವವು ಅನಾಥರ ಪದಗಳು. ಹೆತ್ತ ತಾಯಿಯಿಲ್ಲದೆ ಅನ್ಯರ ಮನೆಯಲ್ಲಿ ದುಡಿಯುವ ಹುಡುಗಿ ಸೂರ್ಯನನ್ನು ತಾಯಿಯೆಂದು ಕರೆಯುತ್ತಾಳೆ; ಮೈ ಬೆಚ್ಚಗಾಗಲೆಂದು ಬೇಡುತ್ತಾಳೆ. ಪ್ರಕೃತಿಯೊಡನೆ ಇದ್ದ ನಂಟು ಇಲ್ಲಿ ವಿರಾಮದಲ್ಲಿ ಹುಟ್ಟಿದ ಸೌಂದರ್ಯಾನುಭವವಲ್ಲ. ಅದು ನೆಂಟರಿಲ್ಲದವಳು ಮಾಡಿಕೊಂಡ ನಂಟಸ್ತನ. ಹಸಿವು, ಚಳಿ, ಒಂಟಿತನಗಳನ್ನು ಮರೆತು ದೈನಾವನ್ನು ಹೊಗಳುವವರು ಅದನ್ನು ಅರ್ಧ ಮಾತ್ರ ಓದಿದವರು.

ಹೀಗೆ ಅರ್ಧ ಓದಿದವರು ಎರಡು ಪಂಗಡದಲ್ಲಿಯೂ ಇದ್ದರು. ಇದೆಲ್ಲ ಮೂಢನಂಬಿಕೆಯೆಂದು ಕೆಲವು ಪಾದ್ರಿಗಳು ತಳ್ಳಿದರು. ಇದಕ್ಕೆ ಪ್ರತಿಯಾಗಿ ೧೯೨೫ರಲ್ಲಿ ಎರ್ನೆಸ್ಟ್ಸ್ ಬ್ರಾಸ್ಟಿಂಶ್ ಮತ್ತು ಅವರ ಸಂಗಡಿಗರು ‘ದಿಯೆವ್ತುರಿ’ ಎಂಬ ಪಂಥವನ್ನು ಕಟ್ಟಿ, ಕ್ರೈಸ್ತಪೂರ್ವದ ಶುದ್ಧ ಲಾತ್ವಿಯನ್ ಧರ್ಮಕ್ಕೆ ದೈನಾಗಳೇ ಪ್ರಮಾಣವೆಂದು ಸಾರಿದರು. ಬ್ರಾಸ್ಟಿಂಶ್ ಸೋವಿಯತ್ ಆಡಳಿತದ ಸೆರೆಯಾಳಾಗಿ ೧೯೪೨ರಲ್ಲಿ ಪ್ರಾಣತೆತ್ತರು. ಆ ದುಃಖಾಂತಕ್ಕೆ ತಲೆಬಾಗಿಯೂ ಅವರ ಓದನ್ನು ನಾವು ಒಪ್ಪಲಾರೆವು. ಪದಗಳು ಶುದ್ಧತೆಯ ಸಾಕ್ಷಿಯನ್ನು ಹೇಳುವುದಿಲ್ಲ. ಜೂನ್ ೨೩ರ ರಾತ್ರಿ ಬೆಂಕಿ ಹೊತ್ತಿಸಿ, ಓಕ್ ಎಲೆಯ ಮಾಲೆ ಧರಿಸಿ ಹಾಡುವ ಅವರ ಮಹೋತ್ಸವದ ‘ಯಾಣಿ’ ಎಂಬ ಹೆಸರೇ ಕ್ರೈಸ್ತ ಸಂತ ಯೋಹಾನನದು. ಮಾರಾ ಎಂಬ ದೇವತೆ ಪ್ರಾಚೀನಳೋ, ಏಸುವಿನ ತಾಯಿ ಮರಿಯಳ ರೂಪಾಂತರವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಏಕಮತವಿಲ್ಲ. ಹಾಡುವ ಹೆಂಗಸಿಗೆ ಆ ಜಗಳ ಬೇಕಿರಲಿಲ್ಲ. ಹೆರಿಗೆಯ ಹೊತ್ತಿನಲ್ಲಿ ಕೈಹಿಡಿಯುವ ಒಬ್ಬ ತಾಯಿ ಬೇಕಾಗಿದ್ದಳು.

ಈ ತಪ್ಪಿನಲ್ಲಿ ನಮಗೂ ಪಾಲುಂಟು. ದಿಯೆವ್ಸ್ ಎಂಬುದು ಸಂಸ್ಕೃತದ ‘ದೇವ’ ಶಬ್ದದ ಜ್ಞಾತಿಯೆಂದು ವಿದ್ಯಾರ್ಥಿದೆಸೆಯಲ್ಲಿ ಓದಿದಾಗ, ಈ ಜನರೆಲ್ಲ ನಮ್ಮವರೇ ಎಂದು ಹಿಗ್ಗಿದ್ದೆವು. ಶಬ್ದದ ನಂಟು ನಿಜ. ಆದರೆ ಅದರ ಬಲದಿಂದ ಪರರ ಹಾಡಿಗೆ ನಮ್ಮ ಮುದ್ರೆಯೊತ್ತುವುದು ಪಾಂಡಿತ್ಯವಲ್ಲ, ಅಹಂಕಾರ.

ಬಾರೊನ್ಸರ ಮಹಾಗ್ರಂಥಕ್ಕೂ ಒಂದು ಕೊರತೆಯುಂಟು. ಅದು ನುಡಿಯನ್ನು ಕೊಟ್ಟಿತು, ದನಿಯನ್ನು ಕೊಡಲಿಲ್ಲ. ರಾಗಗಳನ್ನು ಸಂಗ್ರಹಿಸಿ ಪ್ರಕಟಿಸುವ ಕಾರ್ಯವನ್ನು ಆಂಡ್ರೇಯ್ಸ್ ಯುರ್ಯಾನ್ಸ್ ಎಂಬ ಸಂಗೀತಜ್ಞರು ಬೇರೆಯಾಗಿಯೇ ಮಾಡಬೇಕಾಯಿತು. ಮುದ್ರಿತ ದೈನಾವನ್ನು ಓದುವಾಗ ನಾಲ್ಕು ಸಾಲು ಬೇಗನೆ ಮುಗಿದು ಒಣಗಿದಂತೆ ತೋರುವುದು ಇದರಿಂದಲೇ. ಬೀಸುವ ಪದವನ್ನು ಕಿವಿಯಾರೆ ಕೇಳಿಬಲ್ಲ ನಮ್ಮ ಓದುಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಳೆಯ ಜನರ ಪದಗಳನ್ನು ಎದುರಿಗಿಟ್ಟುಕೊಂಡಾಗ ಇವರ ಮತ ಯಾವುದೆಂದು ಕೇಳುವ ಮುನ್ನ ಇವರ ಸಂಕಟ ಯಾವುದೆಂದು ಕೇಳೋಣ. ಮೊದಲ ಪ್ರಶ್ನೆಯನ್ನು ಮಾತ್ರ ಕೇಳಿದವರು ವಾದದಲ್ಲಿ ಗೆದ್ದಿರಬಹುದು. ಎರಡನೆಯದನ್ನು ಕೇಳಿದವನಿಗೆ ಮಾತ್ರ ಬೆಳಗಿನ ಚಳಿಯಲ್ಲಿ ದನ ಕಾಯುತ್ತ, ಮೂಡಣಕ್ಕೆ ಮುಖವೆತ್ತಿ ಅವ್ವಾ ಎಂದು ಕರೆದ ಆ ಹುಡುಗಿಯ ದನಿ ಕೇಳಿಸೀತು.