ಹಾಡು ಮುಗಿದ ಮೇಲಿನ ಮಾತು

ಸಂಗೀತ ವಿಮರ್ಶೆ ಎಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಕಛೇರಿಯಾದ ಮೇಲೆ ಪತ್ರಿಕೆಯಲ್ಲಿ ಅಚ್ಚಾಗುವ ಅರ್ಧ ಕಾಲಮ್ಮಿನ ಬರಹ. ವಿದ್ವಾಂಸರು ತೋಡಿಯನ್ನು ಸಾವಧಾನವಾಗಿ ವಿಸ್ತರಿಸಿದರು, ತನಿ ಆವರ್ತನ ಕಳೆಗಟ್ಟಿತು, ಸಭಿಕರು ತಲೆದೂಗಿದರು ಎನ್ನುವಲ್ಲಿಗೆ ಅದು ಮುಗಿಯುತ್ತದೆ. ಬರೆದವರ ಪಾಂಡಿತ್ಯವನ್ನು ಅಲ್ಲಗಳೆಯುವ ಕಾರಣವಿಲ್ಲ. ಆದರೆ ಹಾಗೆ ತಲೆದೂಗಿದ ಸಭಿಕರು ಮನೆಯ ದಾರಿ ಹಿಡಿದಾಗ ತಮ್ಮತಮ್ಮಲ್ಲಿ ಏನು ಮಾತಾಡಿಕೊಂಡರು, ಮರುದಿನ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಯಾವ ಹಾಡಿನ ವಿಷಯವನ್ನು ಮತ್ತೆ ಎತ್ತಿಕೊಂಡರು ಎಂಬುದು ಆ ಬರಹದಲ್ಲಿ ಬರುವುದಿಲ್ಲ. ಅದು ಬರಿಯ ಹರಟೆ, ವಿಮರ್ಶೆಯ ಗಡಿಯ ಆಚೆಗಿನದು ಎಂದು ನಾವು ಭಾವಿಸಿದ್ದೇವೆ. ಈ ಹರಟೆಯ ಪರವಾಗಿ ನಾಲ್ಕು ಮಾತು ಹೇಳುವುದು, ಹಾಗೆಯೇ ಅದರ ಕುಂದುಗಳನ್ನೂ ಮುಚ್ಚಿಡದೆ ತೋರಿಸುವುದು ಇಲ್ಲಿಯ ಉದ್ದೇಶ.

ಇದಕ್ಕೆ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವುಂಟು. ಮೈಸೂರು ಬೆಂಗಳೂರುಗಳಲ್ಲಿರುವಂತೆ ಸಂಗೀತ ಸಭೆಗಳ ನೆರಳು ಇಲ್ಲಿಯ ರಸಿಕನಿಗೆ ಸುಲಭವಾಗಿ ದೊರೆಯುವುದಲ್ಲ. ಮನೆಗಳು ಒಂದಕ್ಕೊಂದು ದೂರ. ನಡುವೆ ತೋಟ, ಗದ್ದೆ, ಹಳ್ಳ. ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಬಿಡುವಂತಿಲ್ಲ. ಮರ ಮುರಿದು ತಂತಿಯ ಮೇಲೆ ಬಿದ್ದರೆ ವಿದ್ಯುತ್ತಿನ ಮಾತೇ ಇಲ್ಲ. ಮಳೆ ಹೋಯಿತೆನ್ನುವಷ್ಟರಲ್ಲಿ ಕಾಫಿ ಕುಯ್ಲು, ಕಣದ ಕೆಲಸ. ಇಂಥ ಕಡೆ ಹಾಡಿನ ಹುಚ್ಚು ಹಿಡಿದವನು ಹೆಚ್ಚಿನ ಹೊತ್ತು ಒಬ್ಬನೇ ಕೇಳುವವನು. ಆದ್ದರಿಂದಲೇ ತನ್ನಂಥ ಇನ್ನೊಬ್ಬ ಸಿಕ್ಕಿದಾಗ ಅವನಿಗೆ ಮಾತು ಉಕ್ಕಿಬರುತ್ತದೆ.

ಈ ಸೀಮೆಯ ಕಿವಿಯನ್ನು ತಿದ್ದಿದ್ದರಲ್ಲಿ ರೇಡಿಯೋದ ಪಾಲು ದೊಡ್ಡದು. ‘ಆಕಾಶವಾಣಿ’ ಎಂಬ ಹೆಸರು ಮೈಸೂರಿನದೆಂಬುದು, 1935 ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರೆಂಬುದು ವಾಚಕರಿಗೆ ಗೊತ್ತಿದೆ. ಮಲೆನಾಡಿಗೆ ನಿಲಯವೊಂದು ಹತ್ತಿರ ಬಂದದ್ದು 1965 ರಲ್ಲಿ, ಭದ್ರಾವತಿಯಲ್ಲಿ. ರೇಡಿಯೋ ಇದ್ದ ಮನೆಯಲ್ಲೂ ಹಾಡು ಇಡಿಯಾಗಿ ಕೇಳಿಸುತ್ತಿತ್ತೆಂದಲ್ಲ. ಸಿಡಿಲು ಮಿಂಚಿನ ಸಂಜೆ ಪೆಟ್ಟಿಗೆಯಿಂದ ಗೊರಗೊರ ಸದ್ದೇ ಹೆಚ್ಚು. ರಾತ್ರಿ ಹಿಡಿಯುವ ರೇಡಿಯೋ ಸಿಲೋನಿನ ದನಿ ಅಲೆಯಂತೆ ಏರಿ, ಅಲೆಯಂತೆ ಇಳಿದು ಹೋಗುವುದು. ಒಂದು ಮನೆಯಲ್ಲಿ ಪಲ್ಲವಿ ಕೇಳಿಸಿದರೆ ಚರಣ ಕೇಳಿಸಿದ್ದು ಇನ್ನೊಂದು ಮನೆಯಲ್ಲಿ. ಇಬ್ಬರೂ ಸಂತೆಯಲ್ಲಿ ಸಿಕ್ಕಿದಾಗ ಹಾಡು ಪೂರ್ತಿಯಾಗಬೇಕು. ಸಂಗೀತದ ಮಾತು ಅಲ್ಲಿ ಕಾಲಹರಣವಾಗಿರಲಿಲ್ಲ; ಕೇಳುವ ಕೆಲಸದಲ್ಲೇ ಅದೂ ಒಂದು ಭಾಗವಾಗಿತ್ತು.

ಆ ಮಾತಿನ ರೀತಿಯನ್ನು ನೋಡೋಣ. ಮಾರ್ಚಿಯೋ ಏಪ್ರಿಲ್ಲೋ ಆಗಿದ್ದರೆ ಅದು ಸುಮಾರಾಗಿ ಹೀಗೆ ಸಾಗುತ್ತದೆ:

“ಹೂಮಳೆ ಆಯ್ತಾ ನಿಮ್ಮ ಕಡೆ?”

“ಅರ್ಧ ಇಂಚು ಬಂತು ಮಾರಾಯ್ರೆ, ಅದೇನು ಸಾಲೋದಲ್ಲ. ಅದಿರ್ಲಿ, ನಿನ್ನೆ ರಾತ್ರಿ ಆ ಭಾವಗೀತೆ ಬಂತಲ್ಲ, ಕೇಳಿದ್ರಾ?”

“ಕೇಳ್ದೆ. ಗಂಟಲು ಅಂದ್ರೆ ಅದು. ಆದ್ರೆ ಹಿಂದೆ ತಬಲ ಅಷ್ಟು ಯಾಕೆ ಬೇಕಿತ್ತು?”

“ತಬಲ ಇಲ್ದಿದ್ರೆ ಹಾಡು ಮಲಗಿಬಿಡ್ತಿತ್ತು.”

“ಮಲಗ್ಲಿ ಬಿಡಿ. ಅದು ಮಲಗಬೇಕಾದ ಹಾಡೇ.”

ಇಷ್ಟೇ. ಮುಂದೆ ಮಾತು ಮೆಣಸಿನ ಧಾರಣೆಗೋ ಮಗಳ ಮದುವೆಗೋ ಹೊರಳುತ್ತದೆ. ಆದರೆ ಈ ನಾಲ್ಕು ಮಾತಿನಲ್ಲಿ ಆದದ್ದೇನು? ಹಾಡಿನ ಭಾವ ಯಾವುದು, ಆ ಭಾವಕ್ಕೆ ಪಕ್ಕವಾದ್ಯ ಎಷ್ಟು ಬೇಕು, ಎಷ್ಟಾದರೆ ಹೆಚ್ಚು ಎಂಬ ವಿಚಾರ ಬಂದಿತು. ಕಾಶ್ಮೀರದ ಕ್ಷೇಮೇಂದ್ರ ಹನ್ನೊಂದನೆಯ ಶತಮಾನದಲ್ಲಿ ಔಚಿತ್ಯವೆಂಬ ಹೆಸರಿನಿಂದ ಗ್ರಂಥ ಬರೆದು ಚರ್ಚಿಸಿದ್ದು ಇದನ್ನೇ ಅಲ್ಲವೆ? ನಮ್ಮ ತೋಟದವರಿಗೆ ಕ್ಷೇಮೇಂದ್ರ ಗೊತ್ತಿರಬೇಕಾಗಿಲ್ಲ. ಓದು ಬರಹದ ಹಂಗಿಲ್ಲದೆಯೂ ಕಾವ್ಯದ ಮರ್ಮ ಬಲ್ಲವರು ಈ ನಾಡಿನ ಜನ ಎಂದು ಕವಿರಾಜಮಾರ್ಗಕಾರ ಒಂಬತ್ತನೆಯ ಶತಮಾನದಲ್ಲೇ ಹೆಮ್ಮೆಪಟ್ಟನಲ್ಲ, ಆ ಹೆಮ್ಮೆಗೆ ಆಧಾರವೂ ಇಂಥ ಮಾತೇ ಇರಬೇಕು.

ಮಾತು ಮಳೆಯಿಂದ ಮೊದಲಾಗಿ ಮೆಣಸಿನಲ್ಲಿ ಮುಗಿಯುವುದು ಅದರ ದೋಷವೆಂದು ತೋರಬಹುದು. ನನಗೆ ಅದೇ ಅದರ ಗುಣವಾಗಿ ಕಾಣುತ್ತದೆ. ಹಾಡಿನ ವಿಷಯದಲ್ಲಿ ಒಬ್ಬನ ಮಾತು ಬಿದ್ದುಹೋದರೂ ಸ್ನೇಹ ಬೀಳುವುದಿಲ್ಲ. ಏಕೆಂದರೆ ಆ ಸ್ನೇಹ ಹಾಡೊಂದರ ಮೇಲೇ ನಿಂತಿಲ್ಲ. ನಾಳೆ ಅದೇ ಮನೆಗೆ ಜೀಪು ಕೇಳಲು ಹೋಗಬೇಕು, ಮರಗಸಿಗೆ ಆಳು ಕೇಳಬೇಕು. ‘ನನಗೆ ಹಿಡಿಸಲಿಲ್ಲ’ ಎಂದು ಹೇಳಿಯೂ ಮತ್ತೆ ಅದೇ ಜಗುಲಿಯಲ್ಲಿ ಕಾಫಿ ಕುಡಿಯುವ ಧೈರ್ಯ ಇಂಥ ಬಳಕೆಯಿಂದ ಬರುತ್ತದೆ. ಅಚ್ಚಿನ ವಿಮರ್ಶೆಯಲ್ಲಿ ಈ ಧೈರ್ಯ ಎಷ್ಟು ವಿರಳವೆಂಬುದು ಎಲ್ಲರಿಗೂ ತಿಳಿದ ಸಂಗತಿ.

ಅಭಿರುಚಿ ಹೀಗೆ ಮಾತಿನಲ್ಲಿ ಬೆಳೆಯುವ ವಸ್ತುವೇ ಹೊರತು ಅಪ್ಪಣೆಯಿಂದ ಬರುವುದಲ್ಲ. ಇದನ್ನು ಮರೆತದ್ದರ ಫಲವನ್ನು ದೇಶ ಒಮ್ಮೆ ಕಂಡಿದೆ. 1952 ರಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಗೆ ಬಂದ ಬಿ. ವಿ. ಕೇಸ್ಕರರು ಶಾಸ್ತ್ರೀಯ ಸಂಗೀತದ ದೊಡ್ಡ ಅಭಿಮಾನಿಗಳು. ಚಲನಚಿತ್ರ ಗೀತೆಗಳಿಂದ ಜನರ ರುಚಿ ಕೆಡುತ್ತದೆಂದು ಅವರು ಆಕಾಶವಾಣಿಯಲ್ಲಿ ಅವಕ್ಕಿದ್ದ ಸ್ಥಳವನ್ನು ಕುಗ್ಗಿಸಿದರು. ಕೇಳುಗರು ವಾದಕ್ಕೆ ಹೋಗಲಿಲ್ಲ. ಮುಳ್ಳನ್ನು ತಿರುಗಿಸಿ ಸಿಲೋನಿನಲ್ಲಿ ನಿಲ್ಲಿಸಿದರು. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಮೊದಲಾದದ್ದೂ ಅದೇ ವರ್ಷ. ಕೊನೆಗೆ 1957 ರಲ್ಲಿ ವಿವಿಧ ಭಾರತಿಯನ್ನು ತೆರೆದು ಸರ್ಕಾರವೇ ಹಾಡುಗಳನ್ನು ಹಿಂದಕ್ಕೆ ಕರೆದುಕೊಂಡಿತು. ಇಂದಿನ ಜಾರ್ಖಂಡಿನಲ್ಲಿರುವ ಝುಮ್ರಿ ತಿಲೈಯಾ ಎಂಬ ಅಭ್ರಕದ ಗಣಿಯ ಊರು ಇಡೀ ದೇಶಕ್ಕೆ ಪರಿಚಯವಾದದ್ದು ಅಲ್ಲಿಂದ ಬರುತ್ತಿದ್ದ ಕೋರಿಕೆಯ ಕಾಗದಗಳಿಂದ. ಕಾಗದ ಬರೆದವರಿಗೆ ಹಾಡು ಕೇಳುವುದಷ್ಟೇ ಬೇಕಾಗಿರಲಿಲ್ಲ. ಹಾಡಿನ ಜೊತೆಗೆ ತಮ್ಮ ಹೆಸರು, ತಮ್ಮ ಗೆಳೆಯರ ಹೆಸರು ಕೇಳಬೇಕಾಗಿತ್ತು. ಗುಡ್ಡಗಾಡಿನ ನಮ್ಮವರ ಆಸೆಯೂ ಇದಕ್ಕಿಂತ ಬೇರೆಯಲ್ಲ.

ಘಟ್ಟದ ಹರಟೆಗೆ ರೇಡಿಯೋ ಒಂದೇ ವಸ್ತುವೆಂದೂ ತಿಳಿಯಬಾರದು. ಕರಾವಳಿಯಿಂದ ಮೇಲೆ ಬಂದ ಯಕ್ಷಗಾನ ಇಲ್ಲಿ ಹಾಡಿಗಾಗಿಯೂ ಪ್ರಿಯವಾದದ್ದು. ಸಾಲಿಗ್ರಾಮ ಮೇಳದ ಭಾಗವತ ಕಾಳಿಂಗ ನಾವಡರು 1958 ರಲ್ಲಿ ಹುಟ್ಟಿ 1990 ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅಷ್ಟು ಸ್ವಲ್ಪ ಕಾಲದಲ್ಲಿ ಅವರು ಕಟ್ಟಿದ ಅಭಿಮಾನಿಗಳ ಬಳಗ ಇಂದಿಗೂ ಕರಗಿಲ್ಲ. ಬಡಗು ತಿಟ್ಟಿನ ಪದ್ಯಕ್ಕೆ ಅವರು ಹೊಸ ರಾಗಗಳ ಬಣ್ಣ ತಂದರು. ಬಣ್ಣ ಚೆಂದವೆಂದವರು ಒಂದು ಕಡೆ. ರಾಗ ಹೀಗೆ ಬೆಳೆದರೆ ಪ್ರಸಂಗದ ನಡೆ ನಿಂತುಹೋಗುತ್ತದೆ, ವೇಷಧಾರಿ ಕೈಕಟ್ಟಿ ಕಾಯಬೇಕಾಗುತ್ತದೆ ಎಂದವರು ಇನ್ನೊಂದು ಕಡೆ. ಈ ವಾದದಲ್ಲಿ ನಾನು ಅರ್ಧ ಅಲ್ಲಿ, ಅರ್ಧ ಇಲ್ಲಿ ಇದ್ದೇನೆ. ನಾವಡರ ದನಿಗೆ ಪಾತ್ರದ ಸ್ಥಿತಿಯನ್ನು ಒಂದೇ ಎತ್ತುಗಡೆಯಲ್ಲಿ ಕಣ್ಣಮುಂದೆ ನಿಲ್ಲಿಸುವ ಶಕ್ತಿಯಿತ್ತು. ಆ ಶಕ್ತಿಯಿಲ್ಲದೆ ರಾಗವನ್ನಷ್ಟೇ ಎತ್ತಿಕೊಂಡ ಅನುಕರಣೆಯಲ್ಲಿ ಆಟ ಕಛೇರಿಯಾಗಿಬಿಡುತ್ತದೆ. ಈ ವ್ಯತ್ಯಾಸ ಪುಸ್ತಕದಿಂದ ತಿಳಿಯುವಂಥದಲ್ಲ. ರಾತ್ರಿಯಿಡೀ ಆಟ ನೋಡಿ, ಬೆಳಗ್ಗೆ ಮೊದಲ ಬಸ್ಸಿಗೆ ಕಾಯುತ್ತ ನಿಂತವರ ಮಾತಿನಲ್ಲಿ ಅದು ಸ್ಪಷ್ಟವಾಗುತ್ತದೆ.

ಹರಟೆ ತನ್ನ ಸ್ಥಾನ ಬಿಟ್ಟು ಹೋದರೆ ಏನಾಗುತ್ತದೆಂಬುದಕ್ಕೂ ಹತ್ತಿರದ ಉದಾಹರಣೆಯಿದೆ. ಕುವೆಂಪು 1904 ರಲ್ಲಿ ಹುಟ್ಟಿದ್ದು ಇದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅವರ ಕವನ 2004 ರಲ್ಲಿ ನಾಡಗೀತೆಯಾಯಿತು. ಅದನ್ನು ಯಾವ ಧಾಟಿಯಲ್ಲಿ ಹಾಡಬೇಕು, ಮೈಸೂರು ಅನಂತಸ್ವಾಮಿಯವರದೋ, ಸಿ. ಅಶ್ವತ್ಥ್ ಅವರದೋ ಎಂಬುದು ಸುಗಮ ಸಂಗೀತದ ಅಭಿಮಾನಿಗಳಿಗೆ ಬಹುಕಾಲ ಸವಿಯಾದ ಜಗಳವಾಗಿತ್ತು. ಅನಂತಸ್ವಾಮಿಯವರ ಧಾಟಿ ಕವಿತೆಯ ಕೈಹಿಡಿದು ಜೊತೆಯಲ್ಲಿ ನಡೆಯುತ್ತದೆ. ಅಶ್ವತ್ಥರದು ಕವಿತೆಯನ್ನು ಹೆಗಲ ಮೇಲೆ ಹೊತ್ತು ಜಾತ್ರೆಯ ನಡುವೆ ನಿಲ್ಲಿಸುತ್ತದೆ. ಎರಡಕ್ಕೂ ಅವುಗಳದೇ ಸೊಗಸುಂಟು. 2022 ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡುಗಳ ಅವಧಿಯನ್ನೂ ಗೊತ್ತುಮಾಡಿತು. ವಿವಾದ ಹೈಕೋರ್ಟಿನ ಮೆಟ್ಟಿಲೇರಿ, 2024 ರಲ್ಲಿ ಅರ್ಜಿ ವಜಾ ಆಯಿತು. ಸಾವಿರಾರು ಮಕ್ಕಳು ಒಟ್ಟಿಗೆ ಹಾಡಬೇಕಾದಲ್ಲಿ ಒಂದು ಕ್ರಮ ಬೇಕೆಂಬುದನ್ನು ಒಪ್ಪೋಣ. ಆದರೆ ಯಾವುದು ಹೆಚ್ಚು ಹೃದ್ಯವೆಂಬ ಪ್ರಶ್ನೆಯನ್ನು ಆಜ್ಞೆಯೂ ತೀರಿಸಲಾರದು, ತೀರ್ಪೂ ತೀರಿಸಲಾರದು. ಅದನ್ನು ಮತ್ತೆ ಜಗುಲಿಗೇ ಒಪ್ಪಿಸಬೇಕು.

ಹರಟೆಯ ಕುಂದುಗಳ ಮಾತಿಗೆ ಬರೋಣ. ಮೊದಲನೆಯದು ಪಕ್ಷ ಕಟ್ಟುವ ಚಟ. ಮೆಚ್ಚಿದ ಗಾಯಕನ ಕೆಮ್ಮೂ ಸಂಗೀತವೆಂದು ಸಾಧಿಸಹೊರಟವನಲ್ಲಿ ರಸಿಕತನ ಉಳಿದಿರುವುದಿಲ್ಲ. ಎರಡನೆಯದು ‘ಆ ಕಾಲ ಹೋಯಿತು’ ಎಂಬ ನಿಟ್ಟುಸಿರು. ಹಳೆಯ ಹಾಡಿನ ಮೇಲಣ ಪ್ರೀತಿಯಲ್ಲಿ ಎಷ್ಟು ಪಾಲು ಹಾಡಿನದು, ಎಷ್ಟು ಪಾಲು ಕಳೆದುಹೋದ ನಮ್ಮ ಪ್ರಾಯದ್ದು ಎಂದು ಲೆಕ್ಕ ಹಾಕುವವರು ಕಡಿಮೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಈ ಜಗುಲಿಯಲ್ಲಿ ಕೂರುತ್ತಿದ್ದವರು ಯಾರು? ಸಾಮಾನ್ಯವಾಗಿ ಗಂಡಸರು, ಅದರಲ್ಲೂ ತೋಟದ ಯಜಮಾನರು, ರೈಟರು, ಮೇಷ್ಟರು. ಸೋಬಾನೆಯ ನೂರು ಪದ ಬಾಯಲ್ಲಿಟ್ಟುಕೊಂಡ ಹೆಂಗಸು ಒಳಗೆ ಒಲೆಯ ಮುಂದೆ ಇದ್ದಳು. ಕಾಫಿ ತಂದಿಟ್ಟು ಹೋಗುವಾಗ ಅವಳ ಅಭಿಪ್ರಾಯ ಕೇಳಿದವರು ವಿರಳ. ತೋಟದ ಲೈನುಗಳಲ್ಲಿ ತುಳುವಿನ ಪಾಡ್ದನವಿತ್ತು, ತಮಿಳಿನ ಹಾಡುಗಳಿದ್ದುವು. ಈಚೆಗೆ ಅಸ್ಸಾಮಿನಿಂದ ಬಂದ ಕಾರ್ಮಿಕರ ಹಾಡೂ ಇದೆ. ಲೈನಿಗೂ ಜಗುಲಿಗೂ ನಡುವಣ ದೂರ ಒಂದು ಫರ್ಲಾಂಗು. ಆದರೂ ಇಲ್ಲಿಯ ರಸಿಕ ಕೊಲಂಬೋದ ಹಾಡನ್ನು ಕೇಳಿದಷ್ಟು ಆ ಹಾಡನ್ನು ಕೇಳಲಿಲ್ಲ. ಸ್ನೇಹದ ಮಾತು ಎಂದು ನಾವು ಕೊಂಡಾಡುವಾಗ ಆ ಸ್ನೇಹದ ಬಾಗಿಲು ಎಷ್ಟು ಕಿರಿದಾಗಿತ್ತೆಂಬುದನ್ನೂ ನೆನೆಯಬೇಕು.

ಬಾಗಿಲು ತೆರೆದರೆ ಏನು ಸಿಗುತ್ತದೆಂಬುದನ್ನು ಸಾಹಿತ್ಯ ತೋರಿಸಿಕೊಟ್ಟಿದೆ. ಮೂಡಿಗೆರೆಯಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಲ್ಲಿ ವಿಜ್ಞಾನಿಯ ಜ್ಞಾನಕ್ಕೂ ಜೇನು ಹಿಡಿಯುವ ಮಂದಣ್ಣನ ಜ್ಞಾನಕ್ಕೂ ಸೇತುವೆಯಾಗುವುದು ಅಡ್ಡಾದಿಡ್ಡಿ ಹರಟೆಯೇ. ಸಂಗೀತದಲ್ಲಂತೂ ಮೈಸೂರು ವಾಸುದೇವಾಚಾರ್ಯರ (1865–1961) ‘ನಾ ಕಂಡ ಕಲಾವಿದರು’ ಇದೆ. ಮಹಾ ವಾಗ್ಗೇಯಕಾರರು ತಮ್ಮ ಕಾಲದ ವಿದ್ವಾಂಸರನ್ನು ಕುರಿತು ಮನೆಯ ಪಡಸಾಲೆಯಲ್ಲಿ ಕುಳಿತು ಹೇಳಿದಂತಿರುವ ಆ ಮಾತುಗಳಲ್ಲಿ ಲಕ್ಷಣಗ್ರಂಥಗಳ ಬಿಗುಮಾನವಿಲ್ಲ. ಆದರೂ ಸಂಗೀತಗಾರನೆಂದರೆ ಎಂಥವನು ಎಂಬುದು ಅಲ್ಲಿ ತಿಳಿದುಬರುವಷ್ಟು ಬೇರೆ ಕಡೆ ತಿಳಿಯುವುದಿಲ್ಲ. ಒಳ್ಳೆಯ ಹರಟೆಯನ್ನು ಬರೆದಿಡುವವರಿದ್ದರೆ ಅದೇ ಒಳ್ಳೆಯ ವಿಮರ್ಶೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಈಗ ಕಾಲ ಬದಲಾಗಿದೆ. ಕಳಸದ ಮಳೆಯಲ್ಲೂ ಅಂಗೈಯ ಫೋನಿನಲ್ಲಿ ಜಗತ್ತಿನ ಹಾಡೆಲ್ಲ ಇಡಿಯಾಗಿ, ಗೊರಗೊರ ಸದ್ದಿಲ್ಲದೆ ಸಿಗುತ್ತದೆ. ಚರಣ ತಪ್ಪಿಹೋಯಿತೆಂದು ಇನ್ನೊಬ್ಬರ ಮನೆಗೆ ಹೋಗಬೇಕಾಗಿಲ್ಲ. ಒಂದು ಹಾಡು ಮುಗಿದೊಡನೆ ಮುಂದಿನದು ತಾನಾಗಿ ಬರುತ್ತದೆ. ಎರಡರ ನಡುವೆ ಮಾತಿಗೆ ಬಿಡುವಿಲ್ಲ. ಇದು ದೊಡ್ಡ ಸೌಕರ್ಯ, ಅದನ್ನು ಹಳಿಯುವುದು ಕೃತಘ್ನತೆ. ಆದರೆ ಎಲ್ಲವನ್ನೂ ಕೇಳಿ ಯಾವುದರ ವಿಷಯವನ್ನೂ ಯಾರೊಡನೆಯೂ ಆಡದವನು ತನಗೆ ಏನು ಹಿಡಿಸಿತು, ಏಕೆ ಹಿಡಿಸಿತು ಎಂಬುದನ್ನು ಹೇಗೆ ಅರಿತುಕೊಂಡಾನು? ಇನ್ನೊಬ್ಬನಿಗೆ ಹೇಳಹೋದಾಗಲೇ ನಮ್ಮ ಮೆಚ್ಚುಗೆಯ ಗಟ್ಟಿ ಎಷ್ಟು, ಪೊಳ್ಳು ಎಷ್ಟು ಎಂದು ತಿಳಿಯುವುದು.

ಆದ್ದರಿಂದ ಸಂಗೀತಕ್ಕೆ ಸಭಾಂಗಣ ಕಟ್ಟಿಸುವ ಮಹನೀಯರು ಜೊತೆಗೆ ಒಂದು ಕಟ್ಟೆಯನ್ನೂ ಕಟ್ಟಿಸುವುದು ಒಳ್ಳೆಯದು. ಕುಳಿತವರು ಎದ್ದುಹೋಗಲು ಅವಸರಪಡದಂಥ, ಹೆಂಗಸರೂ ಲೈನಿನವರೂ ಬಂದು ಕೂರಬಹುದಾದಂಥ ಕಟ್ಟೆ. ಅದೂ ಆಗದಿದ್ದರೆ ವಾಚಕರು ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಮುಂದಿನ ಸಲ ಒಳ್ಳೆಯ ಹಾಡೊಂದನ್ನು ಕೇಳಿದಾಗ ಮುಂದಿನದನ್ನು ಸ್ವಲ್ಪ ತಡೆದು, ಹತ್ತಿರವಿರುವ ಯಾರನ್ನಾದರೂ ‘ನಿಮಗೆ ಹೇಗನ್ನಿಸಿತು?’ ಎಂದು ಕೇಳಿ, ಅವರು ಹೇಳುವುದನ್ನು ಪೂರ್ತಿ ಕೇಳುವುದು.