ಚಪ್ಪಲಿ ಹೂವಿನ ಹಟ

ಪ್ಯಾಫಿಯೊಪೆಡಿಲಮ್ ಡ್ರೂರಿಯೈ ಪಶ್ಚಿಮ ಘಟ್ಟದ ದಕ್ಷಿಣ ತುದಿಯ ಅಗಸ್ತ್ಯಮಲೆಯ ಸ್ಲಿಪ್ಪರ್ ಆರ್ಕಿಡ್. ಹಳದಿ ಹೂವು, ಮೇಲಿನ ಎಸಳಿನ ನಡುವೆ ಕುಂಚದಿಂದ ಒಂದೇ ಸಲಕ್ಕೆ ಎಳೆದಂಥ ಕಂದು ಪಟ್ಟೆ, ಕೆಳಗೆ ಪುಟ್ಟ ಚಪ್ಪಲಿಯ ಮೂತಿಯಂಥ ಚೀಲ. ಅದರೊಳಗೆ ಜಾರಿದ ಕೀಟ ಹಿಂಬದಿಯ ಇಕ್ಕಟ್ಟು ದಾರಿಯಲ್ಲಿ ಪರಾಗ ಮೆತ್ತಿಸಿಕೊಂಡೇ ಹೊರಬರಬೇಕು. ಎಂಥ ಕುಸುರಿ!

ನೀರು ಕೂಡಿಡುವ ಉಬ್ಬುಕಾಂಡ ಇದಕ್ಕಿಲ್ಲ, ಬೇರುಗಳೂ ಕಡಿಮೆ. ಮನೆಯಲ್ಲಿ ಬೆಳೆಸುವಾಗ ಬಾಲ್ಕನಿಯ ಬಿಸಿಲಿಗೆ ಕುಂಡ ಒಣಗಿದರೆ ಗಿಡ ಸೊರಗುತ್ತದೆ. ಸುಳಿಯಲ್ಲಿ ರಾತ್ರಿಯಿಡೀ ನೀರು ನಿಂತರೆ ಕೊಳೆಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಿಗಿಂತ ಹಿಡಿದಿಟ್ಟ ಮಳೆನೀರೇ ವಾಸಿ. ತೊಗಟೆ, ಇದ್ದಿಲು ತುಂಬಿದ ಕುಂಡವನ್ನು ಎತ್ತಿ, ತೂಕದಿಂದಲೇ ಬಾಯಾರಿಕೆ ಅಳೆಯುವವರ ಕೈಗೆ ಮಾತ್ರ ಇದು ಒಲಿಯುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಪ್ಯಾಫಿಯೊಪೆಡಿಲಮ್ ಕುಲಕ್ಕೆ ರಕ್ಷಣೆಯಿದೆ. ಕಾಡಿನಿಂದ ಕಿತ್ತ ಗಿಡವನ್ನು ಮುಟ್ಟಬೇಡಿ.